ಅಜ್ಜಿಯ ಸದ್ದಿಲ್ಲದ ಧಾರಾವಾಹಿ

ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೆ ನಾನು ಓದಲು ಕೂತ ದಿನದಿಂದ ನಮ್ಮ ಮನೆಯ ಟೀವಿಯ ಬಾಯಿ ಕಟ್ಟಿತ್ತು. ಅಜ್ಜಿ ತನ್ನ ಧಾರಾವಾಹಿಯನ್ನು ಸದ್ದಿಲ್ಲದೆ ನೋಡುತ್ತ, ಬರೀ ಮುಖಗಳನ್ನು ನೋಡಿಯೇ ಕಥೆ ಕಟ್ಟಿ ಅಮ್ಮನ ಕಿವಿಯಲ್ಲಿ ಪಿಸುಗುಡುತ್ತಿದ್ದಳು. "ಆ ಹಸಿರು ಕೋಟಿನವನು ಇದಾನಲ್ಲ, ಮನೆಹಾಳ. ಮುದುಕಿ ಆಸ್ತಿ ಹೊಡೆಯೋಕೆ ಬಂದಿದಾನೆ." ಅಪ್ಪನಂತೂ ಸೀನು ಬಂದರೆ ಮೂಗು ಹಿಡಿದುಕೊಂಡು ಬೀದಿಗೆ ಓಡುತ್ತಿದ್ದ.

ಇಷ್ಟೆಲ್ಲ ಮಾಡಿಸಿಕೊಂಡು ನಾನು ತೆಗೆದ ಅಂಕಕ್ಕೆ ಯಾವ ಕಾಲೇಜೂ ಬಾಗಿಲು ತೆರೆಯುವಂತಿರಲಿಲ್ಲ. ಫಲಿತಾಂಶ ಬಂದ ಸಂಜೆ ಮನೆ ಇನ್ನಷ್ಟು ಮೆತ್ತಗಾಯಿತು. ಅಮ್ಮ ಚಮಚವನ್ನೂ ಸದ್ದಾಗದಂತೆ ಇಡತೊಡಗಿದಳು. ನನಗೆ ರೇಗಿಹೋಯಿತು.

"ನಾನೇನು ಸತ್ತೋಗಿದೀನಾ? ಯಾರಾದ್ರೂ ಮಾತಾಡಿ!" ಎಂದು ರಿಮೋಟ್ ಕಿತ್ತುಕೊಂಡು ಟೀವಿಯ ಸದ್ದು ಏರಿಸಿದೆ.

ಹಸಿರು ಕೋಟಿನವನು ಮುದುಕಿಯ ಕೈ ಹಿಡಿದು, "ಊಟ ಆದ್ಮೇಲೆ ಎರಡು ಮಾತ್ರೆ ತಗೊಳ್ಳಿ ಅಮ್ಮ," ಎಂದ.

"ಅಯ್ಯೋ, ಡಾಕ್ಟರಾ ಇವನು!" ಅಜ್ಜಿ ಕೆನ್ನೆ ಕೆನ್ನೆ ಬಡಿದುಕೊಂಡಳು. "ಇಷ್ಟು ದಿನ ಈ ಪುಣ್ಯಾತ್ಮನಿಗಾ ನಾನು ಶಾಪ ಹಾಕಿದ್ದು?"

ಮೊದಲು ನಕ್ಕವನು ಅಪ್ಪ. ಆಮೇಲೆ ನಾನು ನಕ್ಕೆ, ನಗುತ್ತಲೇ ಅತ್ತೆ. ಅಮ್ಮ ನನ್ನ ತಲೆಯನ್ನು ಹೆಗಲಿಗೆ ಒರಗಿಸಿಕೊಂಡಳು.

"ಇನ್ನೊಂದ್ಸಲ ಬರೀಲಾ?" ಎಂದೆ, ಮೂಗು ಒರೆಸಿಕೊಳ್ಳುತ್ತ.

ಅಪ್ಪ ಅಮ್ಮ ಮುಖ ಮುಖ ನೋಡಿಕೊಂಡರು. ಅಜ್ಜಿ ಮಾತ್ರ ನನ್ನ ಕೈಯಿಂದ ರಿಮೋಟ್ ತೆಗೆದುಕೊಂಡು ಸದ್ದನ್ನು ಪೂರ್ತಿ ನಿಲ್ಲಿಸಿದಳು.

"ಧಾರಾಳವಾಗಿ ಬರಿ ಪುಟ್ಟಿ. ಈ ಟೀವಿಯವರದಕ್ಕಿಂತ ನನ್ನ ಕಥೆನೇ ಚೆನ್ನಾಗಿತ್ತು."