ಸಲೈನ್ ಮುಗಿದರೆ ಕೂಗುವ ಯಂತ್ರ

ತುರ್ಭೆಯ ನಮ್ಮ ಕಂಪನಿ ಬಿ.ಪಿ. ನೋಡುವ ಉಪಕರಣ, ದಮ್ಮಿನವರಿಗೆ ಹಬೆ ಕೊಡುವ ನೆಬ್ಯುಲೈಸರ್ ಇಂಥವನ್ನು ತಯಾರಿಸುತ್ತಿತ್ತು. ನಾನು ಸರ್ವಿಸ್ ವಿಭಾಗದಲ್ಲಿದ್ದೆ. ಕೆಟ್ಟುಹೋದದ್ದನ್ನು ಸರಿಮಾಡಿಸುವುದು ನನ್ನ ಕೆಲಸ. ೨೦೧೨ರಲ್ಲಿ ಪುಣೆಯ ಒಂದು ತರಬೇತಿಗೆ ಹೋಗಬೇಕಾಗಿದ್ದವರಿಗೆ ಕಾಮಾಲೆಯಾಯಿತು, ಅವರ ಬದಲಿಗೆ ನಾನು ಹೋದೆ. ಬರುವಾಗ ಬಣ್ಣದ ಚಿತ್ರವೊಂದನ್ನು ತಂದೆ. ಹೊಸ ಉಪಕರಣದ ಯಾವುದೇ ಯೋಚನೆ ಐದು ಬಾಗಿಲು ದಾಟಬೇಕು, ಪ್ರತಿ ಬಾಗಿಲಲ್ಲೂ ಯಾರಾದರೂ ನಿಂತು ‘ಮುಂದೆ ಹೋಗಲಿ’ ಅಥವಾ ‘ಇಲ್ಲಿಗೆ ಸಾಕು’ ಅನ್ನಬೇಕು ಎಂಬುದು ಅದರ ಸಾರಾಂಶ. ನಮ್ಮ ಡೈರೆಕ್ಟರ್ ವಸಂತಕುಮಾರ್ ಮೈಸೂರಿನವರು. ಬಣ್ಣದ ಚಿತ್ರಗಳೆಂದರೆ ಅವರಿಗೆ ಗೌರವ.

‘ಕಮಲಾಕ್ಷ, ಇದನ್ನ ನೀವೇ ನೋಡ್ಕೊಳ್ಳಿ’ ಎಂದರು. ಹಿಂದಿನ ಗೋದಾಮಿಗೆ ಎ.ಸಿ. ಹಾಕಿಸಿ ಬಾಗಿಲಿಗೆ ‘ಇನ್ನೋವೇಶನ್ ಸೆಲ್’ ಎಂದು ಬೋರ್ಡು ಹೊಡೆಸಿದರು.

ಡೊಂಬಿವಲಿಯ ಮನೆಗೆ ಬಂದು ಹೆಂಡತಿ ಪುಷ್ಪಾವತಿಗೆ ಸುದ್ದಿ ಹೇಳಿದೆ.

‘ಸೆಲ್ಲಾ? ಬೀಗ ಹಾಕುವುದು ಹೊರಗಿಂದಲಾ, ಒಳಗಿಂದಲಾ?’ ಎಂದಳು.

ಸೆಲ್ಲಿಗೆ ನನ್ನ ಜತೆ ನಿಕಿತಾ ಎಂಬ ಇಂಜಿನಿಯರನ್ನು ಕೊಟ್ಟರು. ಅಪ್ಪ ಅಮ್ಮ ಉಡುಪಿಯವರು, ಅವಳು ಹುಟ್ಟಿ ಬೆಳೆದದ್ದು ಠಾಣೆ ಪಕ್ಕದ ಕಳವಾದಲ್ಲಿ. ನಾನು ಕನ್ನಡದಲ್ಲಿ ಹೇಳಿದ್ದು ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತಿತ್ತು.

ಮೊದಲ ಯೋಚನೆ ನನ್ನದೇ. ಸಲೈನ್ ಬಾಟಲಿಯನ್ನು ಸ್ಟ್ಯಾಂಡಿಗೆ ನೇರವಾಗಿ ತೂಗುಹಾಕುವ ಬದಲು ನಮ್ಮ ಕೊಕ್ಕೆಗೆ ತೂಗುಹಾಕಬೇಕು. ಕೊಕ್ಕೆ ಬಾಟಲಿಯ ತೂಕ ನೋಡುತ್ತಿರುತ್ತದೆ. ಖಾಲಿಯಾಗುತ್ತ ಬಂದ ಕೂಡಲೇ ಕೂಗುತ್ತದೆ. ನರ್ಸ್ ಓಡಿ ಬರುತ್ತಾಳೆ. ಇದಕ್ಕೆ ‘ಬಿಂದು’ ಎಂದು ಹೆಸರಿಟ್ಟೆ. ಹೆಸರಿಗೂ ಅದರ ಸ್ಟಿಕ್ಕರಿಗೂ ಹಿಡಿದಷ್ಟು ಸಮಯ ಒಳಗಿನ ಸರ್ಕೀಟಿಗೆ ಹಿಡಿಯಲಿಲ್ಲ.

ಯೋಚನೆ ನನ್ನದು, ಬಾಗಿಲಲ್ಲಿ ನಿಂತು ತಡೆಯಬೇಕಾದವನೂ ನಾನು. ಹಾಗಾಗಿ ಬಿಂದು ಮೂರು ಬಾಗಿಲುಗಳನ್ನು ಮದುವೆ ದಿಬ್ಬಣದ ಹಾಗೆ ದಾಟಿತು. ‘ಇದು ಯಾರಿಗೆ ಬೇಕು?’ ಎಂಬ ಪ್ರಶ್ನೆಗೆ ‘ಎಲ್ಲರಿಗೂ’ ಎಂದು ಬರೆದು ನನಗೆ ನಾನೇ ಸಹಿ ಹಾಕಿಕೊಂಡೆ.

ಡೊಂಬಿವಲಿ ಸ್ಟೇಷನ್ ಹತ್ತಿರದ ಒಂದು ನರ್ಸಿಂಗ್ ಹೋಮಿನ ಡಾಕ್ಟರೂ ಅಲ್ಲಿನ ರೋಗಿಗಳೂ ಒಪ್ಪಿದ ಮೇಲೆ ಕೆಲವು ಬೆಡ್ಡುಗಳಿಗೆ ಬಿಂದುವನ್ನು ಹಾಕಿದೆವು. ನಿಕಿತಾ ಹೋಗಿ ನೋಡಿಕೊಂಡು ಬಂದು, ಬಾಟಲಿ ತುಂಬಿರುವಾಗಲೂ ಅದು ಕೂಗುತ್ತಿದೆ, ನಿಲ್ಲಿಸೋಣ ಎಂದಳು. ನಾನು ವರದಿಯಲ್ಲಿ ‘ಅತ್ಯಂತ ಸೂಕ್ಷ್ಮ’ ಎಂದು ಬರೆದೆ.

ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ಡೆಂಗಿ ಬಂತು. ಪುಷ್ಪಾವತಿ ರಿಕ್ಷಾದಲ್ಲಿ ಕೂರಿಸಿ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹತ್ತಿರದ್ದು ಅದೇ ನರ್ಸಿಂಗ್ ಹೋಮ್. ವಿಜಾಪುರ ಕಡೆಯ ನರ್ಸ್ ದಮಯಂತಿ ನನ್ನ ಗುರುತು ಹಿಡಿದಳು.

‘ನಿಮ್ಮದ ಮಶೀನ್ ಅದ ಅಲ್ರೀ ಸರ, ನಿಮಗೂ ಹಾಕ್ತೀನಿ’ ಎಂದು ನನ್ನ ಬಾಟಲಿಯನ್ನು ಬಿಂದುವಿಗೆ ತೂಗುಹಾಕಿದಳು.

ಮೊದಲ ಸಲ ಅದು ಕೂಗಿದಾಗ, ಜ್ವರದಲ್ಲೂ, ನನಗೆ ಹೆಮ್ಮೆಯಾಯಿತು. ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇತ್ತು. ಮಗ್ಗಲು ಬದಲಿಸಿದೆ, ಕೂಗಿತು. ನೀರು ಕುಡಿಯಲು ಕೈ ಚಾಚಿದೆ, ಕೂಗಿತು. ನಾನು ಅಲುಗದೆ ಮಲಗಿದರೂ ಕೂಗಿತು. ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು, ಆ ಗಾಳಿಗೆ ಬಾಟಲಿ ತೂಗಾಡುತ್ತಿತ್ತು. ನಮ್ಮ ಸೆಲ್ಲಿನಲ್ಲಿ ಫ್ಯಾನೇ ಇರಲಿಲ್ಲ.

ಪಕ್ಕದ ಬೆಡ್ಡಿನಲ್ಲಿ ಒಬ್ಬ ಮರಾಠಿ ಅಜ್ಜ ಮಲಗಿದ್ದರು. ‘ಅಹೋ, ಫೋನ್ ಉಚಲಾ ನಾ’ ಎಂದು ಗೋಗರೆದರು. ಯಾರೋ ನನಗೆ ಫೋನ್ ಮಾಡುತ್ತಿದ್ದಾರೆ, ನಾನು ಎತ್ತುತ್ತಿಲ್ಲ ಎಂದು ಅವರು ತಿಳಿದಿದ್ದರು. ಅದು ಫೋನಲ್ಲ, ನನ್ನ ಆವಿಷ್ಕಾರ ಎನ್ನುವ ಧೈರ್ಯವಾಗಲಿಲ್ಲ.

ಪುಷ್ಪಾವತಿ ಸ್ಟೂಲಿನ ಮೇಲೆ ಕೂತು ಬಾಟಲಿಯನ್ನೇ ನೋಡುತ್ತಿದ್ದಳು.

‘ಸ್ವಲ್ಪ ಒರಗಿಕೋ. ಮಶೀನ್ ಉಂಟಲ್ಲ’ ಎಂದೆ.

‘ನೀವು ಮಾಡಿದ ಮಶೀನಲ್ವಾ ಮಾರಾಯ್ರೆ, ಅದಕ್ಕೇ ಎಚ್ಚರ ಕೂತದ್ದು.’

ಕೊನೆಗೆ ನಾನೇ ದಮಯಂತಿಯನ್ನು ಕರೆದು ಅದನ್ನು ನಿಲ್ಲಿಸಲು ಬೇಡಿಕೊಂಡೆ. ಅವಳು ನೋಡದೆಯೇ ಬೆರಳಿನಿಂದ ಹಿಂಬದಿಯ ಬಟನ್ ಒತ್ತಿದಳು. ಬಹಳ ರೂಢಿಯಾದ ಬೆರಳು.

‘ಎಲ್ಲಾರದೂ ಬಂದ್ ಮಾಡೀವ್ರೀ ಸರ. ನಿಮ್ಮ ಕಂಪನಿ ಮೇಡಂ ಬಂದಾಗ ಅಷ್ಟ ಚಾಲೂ ಮಾಡತೀವಿ. ಸಿಟ್ಟಾಗಬ್ಯಾಡ್ರಿ, ಪೇಷಂಟ್ ಮಂದಿ ನಿದ್ದೀ ಮಾಡಬೇಕಲ್ರೀ.’

ಸಿಟ್ಟೆಲ್ಲಿಂದ ಬರಬೇಕು, ಬಂದ್ ಮಾಡಿಸಿದವನೇ ನಾನು.

ಮರುದಿನ ಮಧ್ಯಾಹ್ನ ಊಟದ ನಂತರ ಅಜ್ಜನ ಸೊಸೆ ಚಹಾ ಕುಡಿಯಲು ಎದ್ದಳು. ಹೊರಡುವ ಮುನ್ನ, ಬಿಂದುವಿಗೆ ತೂಗುಹಾಕಿದ್ದ ಅಜ್ಜನ ಬಾಟಲಿಯ ಕಡೆ ನೋಡಿ, ‘ಮಶೀನ್ ಆಹೇ ನಾ’ ಎಂದು ತನಗೇ ಸಮಾಧಾನ ಹೇಳಿಕೊಂಡಳು. ಯಂತ್ರ ಇದ್ದದ್ದು ನಿಜ. ಆದರೆ ಅದರ ಬಾಯಿ ಮುಚ್ಚಿಸಿದ್ದಾರೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನನಗೆ ಗೊತ್ತಿತ್ತು. ನಾನೂ ಆ ಕಡೆಗೇ ನೋಡುತ್ತಿದ್ದೆ. ಆದರೆ ನೋಡುತ್ತಿದ್ದದ್ದು ಸ್ಟಿಕ್ಕರನ್ನು. ಅಕ್ಷರದ ನೀಲಿ ಸ್ವಲ್ಪ ಗಾಢವಾಗಿದ್ದರೆ ಚೆನ್ನಾಗಿತ್ತು ಎಂದುಕೊಳ್ಳುತ್ತಿದ್ದೆ.

‘ಸಿಸ್ಟರ್, ಬೇಗ ಬನ್ನಿ, ಅಜ್ಜನ ರಕ್ತ ಮೇಲೆ ಬರ್ತಾ ಉಂಟು’ ಎಂದು ಪುಷ್ಪಾವತಿ ಎದ್ದು ನಿಂತಳು.

ಬಾಟಲಿ ಖಾಲಿಯಾಗಿತ್ತು. ಅಜ್ಜನ ಕೈಯಿಂದ ನಳಿಕೆಯೊಳಗೆ ಕೆಂಪು ಗೆರೆ ಏರುತ್ತಿತ್ತು. ದಮಯಂತಿ ಬಂದು ನಳಿಕೆ ಬಂದ್ ಮಾಡಿ ಎಲ್ಲ ಸರಿಪಡಿಸಿದಳು. ಅಜ್ಜನಿಗೆ ಏನೂ ಆಗಲಿಲ್ಲ, ನಿದ್ದೆಯಿಂದಲೂ ಏಳಲಿಲ್ಲ. ಚಹಾ ಕುಡಿದು ಬಂದ ಸೊಸೆ ವಿಷಯ ತಿಳಿದು ಅಳತೊಡಗಿದಳು, ತಪ್ಪು ತನ್ನದೇ ಎಂದಳು. ನಾನು ಎದ್ದು ಕೂತು, ನನ್ನ ಹರಕು ಮರಾಠಿಯಲ್ಲಿ, ತಪ್ಪು ಅವಳದಲ್ಲ, ಆ ಯಂತ್ರ ಮಾಡಿಸಿದವನು ನಾನು, ಅದನ್ನು ನಂಬಬಾರದಿತ್ತು ಎಂದು ವಿವರಿಸಿದೆ. ಅವಳು ಪುಷ್ಪಾವತಿಯನ್ನು ಪಕ್ಕಕ್ಕೆ ಕರೆದು, ಇವರಿಗೆ ಜ್ವರ ತಲೆಗೇರಿದೆಯೇ ಎಂದು ಕೇಳಿದಳು.

ಡಾಕ್ಟರಿಗೆ ಹೇಳಿ ಆವತ್ತೇ ಎಲ್ಲ ಬೆಡ್ಡುಗಳಿಂದಲೂ ಬಿಂದುವನ್ನು ಬಿಚ್ಚಿಸಿದೆ. ದಮಯಂತಿ ಅವನ್ನೆಲ್ಲ ಒಂದು ಚೀಲಕ್ಕೆ ಹಾಕಿ ನನ್ನ ಮಂಚದ ಕೆಳಗಿಟ್ಟಳು. ಸಂಜೆ ಚೀಲದೊಳಗೆ ಬಟನ್ ಒತ್ತಿಹೋಗಿ ಒಂದು ಕೂಗಿತು. ಈ ಸಲ ಅಜ್ಜ ದಿಂಬನ್ನು ಕಿವಿಗೆ ಒತ್ತಿಕೊಂಡರು.

ಗುಣವಾಗಿ ಕೆಲಸಕ್ಕೆ ಮರಳಿದ ವಾರ ನಾಲ್ಕನೆಯ ಬಾಗಿಲಿನ ಸಭೆ ಇತ್ತು. ಕಾಯಿಲೆಗೆ ಮೊದಲೇ ಸ್ಲೈಡುಗಳನ್ನು ತಯಾರಿಸಿಟ್ಟಿದ್ದೆ, ಕೊನೆಯದರಲ್ಲಿ ಉದಯಿಸುವ ಸೂರ್ಯನೂ ಇದ್ದ. ಅದನ್ನು ತೆರೆಯದೆ, ನಡೆದದ್ದನ್ನೆಲ್ಲ ಹೇಳಿ, ಪ್ರಾಜೆಕ್ಟ್ ಮುಚ್ಚಬೇಕು ಎಂದೆ. ಯಾರಾದರೂ ಬೇಡ ಎನ್ನಬಹುದು ಎಂದು ಸ್ವಲ್ಪ ಹೊತ್ತು ಕಾದೆ.

‘ಒಳ್ಳೇದಾಯ್ತು ಕಣ್ರೀ’ ಎಂದರು ವಸಂತಕುಮಾರ್. ‘ನಿಮಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ. ಮುಂದಿನ ಸಲ ಯೋಚನೆ ನಿಮ್ಮದಾದ್ರೆ ಬಾಗಿಲಲ್ಲಿ ನಿಕಿತಾ ಇರಲಿ. ಅವರದಾದ್ರೆ ನೀವಿರಿ. ಏನಮ್ಮಾ?’

ನಿಕಿತಾ ತಲೆಯಾಡಿಸಿದಳು. ಅವಮಾನವಾಗಬೇಕಿತ್ತು, ಹಸಿವಾಯಿತು. ಬಹಳ ದಿನಗಳ ಮೇಲೆ ಕ್ಯಾಂಟೀನಿನಲ್ಲಿ ಎರಡು ಪ್ಲೇಟ್ ಇಡ್ಲಿ ತಿಂದೆ.

ಸಂಜೆ ನಾನೂ ನಿಕಿತಾಳೂ ಠಾಣೆಯವರೆಗೆ ಒಂದೇ ರೈಲಿನಲ್ಲಿ ಬಂದು, ಅಲ್ಲಿ ಎಲ್ಲ ಸ್ಟೇಷನ್ನುಗಳಲ್ಲೂ ನಿಲ್ಲುವ ಕಲ್ಯಾಣ್ ಸ್ಲೋ ಲೋಕಲ್ ಹತ್ತಿದೆವು. ಗರ್ದಿಯಲ್ಲಿ ಬಾಗಿಲ ಹತ್ತಿರ ನಿಂತು, ರೋಗಿಗೆ ಮಾತ್ರೆಯ ಹೊತ್ತನ್ನು ನೆನಪಿಸುವ ದಿಂಬಿನ ಬಗ್ಗೆ ಅವಳಿಗೆ ಹೇಳತೊಡಗಿದೆ. ಠಾಣೆಯಿಂದ ಕಳವಾಕ್ಕೆ ಒಂದೇ ಸ್ಟೇಷನ್. ಅವಳು ಪೂರ್ತಿ ಕೇಳಿಸಿಕೊಂಡಳು.

‘ನಹೀ ಸರ್’ ಎಂದು ಕಳವಾದಲ್ಲಿ ಇಳಿದು ಹೋದಳು.