ಅಪ್ಪನ ಎದೆಯ ಬಿಸಿ

ಬೇಕರಿಯವನ ಹೆಂಡತಿಗೆ ಎಂಟು ತಿಂಗಳು ತುಂಬುವ ಮೊದಲೇ ಹೆರಿಗೆ, ಅದೂ ಅವಳಿ ಮಕ್ಕಳು. ಸುದ್ದಿ ಬೀದಿಗೆಲ್ಲ ಹಬ್ಬಿತ್ತು. ಬೇಕರಿಗೆ ಬ್ರೆಡ್ಡು ಕೊಳ್ಳಲು ಬಂದವರೆಲ್ಲ ಅದನ್ನೇ ಕೇಳುವವರು.

"ಎರಡಂತೆ?"

"ಹೌದು. ಮೊದಲು ಗಂಡು, ಆಮೇಲೆ ಹೆಣ್ಣು."

"ಎಷ್ಟು ತೂಕ?"

ಇಷ್ಟು ಹೊತ್ತಿಗೆ ಬೇಕರಿಯವನಿಗೆ ಒಳಗೆ ಏನೋ ಕೆಲಸ ನೆನಪಾಗಿಬಿಡುತ್ತಿತ್ತು. ಹದಿನೆಂಟು ವರ್ಷದಿಂದ ನಾನೂರು ಗ್ರಾಮಿನ ಬ್ರೆಡ್ಡು ತೂಗಿದವನು ಅವನು. ಮಗ ನಾಲ್ಕು ಬ್ರೆಡ್ಡಿನ ತೂಕ, ಮಗಳು ಮೂರು ಬ್ರೆಡ್ಡಿನ ತೂಕ ಎಂದು ಅವನ ಮನಸ್ಸು ತಾನಾಗಿಯೇ ಲೆಕ್ಕ ಹಾಕಿತ್ತು. ಅದನ್ನು ಗಿರಾಕಿಗಳ ಮುಂದೆ ಬಾಯಿಬಿಟ್ಟು ಹೇಳುವುದು ಮಾತ್ರ ಅವನಿಂದ ಆಗಲಿಲ್ಲ.

ಆಸ್ಪತ್ರೆಯಲ್ಲಿ ಮಕ್ಕಳನ್ನು ಇಟ್ಟಿದ್ದ ಕೋಣೆಗೆ ಉದ್ದನೆಯ ಹೆಸರೇನೋ ಇತ್ತು. ಎಲ್ಲರೂ ಕರೆಯುತ್ತಿದ್ದದ್ದು ಗಾಜಿನ ವಾರ್ಡು ಎಂದು. ಒಳಗೆ ಹೋಗಬೇಕಾದರೆ ಉಂಗುರ, ಗಡಿಯಾರ ತೆಗೆದಿಟ್ಟು, ಮೊಣಕೈವರೆಗೆ ಸೋಪು ಹಚ್ಚಿ ತೊಳೆಯಬೇಕು. ಅದರಲ್ಲಿ ಬೇಕರಿಯವನಿಗೆ ತಕರಾರಿಲ್ಲ. ಹಿಟ್ಟು ನಾದುವ ಕೈ, ಉಗುರಿನ ಸಂದಿಯನ್ನೂ ಬಿಡದೆ ಉಜ್ಜುತ್ತಿದ್ದ. ಒಳಗೆ ಎರಡು ಗಾಜಿನ ಪೆಟ್ಟಿಗೆಗಳು. ಒಂದರಲ್ಲಿ ಪುಟ್ಟ, ಇನ್ನೊಂದರಲ್ಲಿ ಗುಬ್ಬಿ. ಹೆಸರಿಡುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಸದ್ಯಕ್ಕೆ ಹಾಗೇ ಕರೆಯುತ್ತಿದ್ದರು.

ಮೊದಲ ದಿನವೇ ಅವನು ದೊಡ್ಡ ಸಿಸ್ಟರನ್ನು ಕೇಳಿದ. "ಪೆಟ್ಟಿಗೆ ಒಳಗೆ ಬಿಸಿ ಎಷ್ಟಿಟ್ಟಿದ್ದೀರಿ?" ಅವರು ಹೇಳಿದರು. ಅವನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಬಿಸಿ, ಬಾಗಿಲು, ಹೊತ್ತು, ಇವು ಅವನಿಗೆ ಗೊತ್ತಿದ್ದ ವಿಷಯಗಳು. ಅಂದಿನಿಂದ ಅವನು ಪೆಟ್ಟಿಗೆಯ ಪಕ್ಕ ಕಾವಲು ನಿಂತ. ಸಿಸ್ಟರ್ ಡಯಾಪರ್ ಬದಲಿಸಲು ಪೆಟ್ಟಿಗೆಯ ಕಿಂಡಿ ತೆರೆದರೆ ಇವನ ಮುಖ ಸಿಂಡರಿಸುತ್ತಿತ್ತು.

"ಪದೇ ಪದೇ ತೆಗೀತೀರಲ್ಲ, ಬಿಸಿ ಹೋಗಲ್ವಾ?"

"ಅಣ್ಣಾ, ನಿಮ್ಮ ಮಗಳಿಗೂ ಡಯಾಪರ್ ಬದಲಾಯಿಸ್ಬೇಕು" ಎಂದು ಸಿಸ್ಟರ್ ನಕ್ಕರು.

ಅವನ ಹೆಂಡತಿ ಕೆಳಗಿನ ವಾರ್ಡಿನಲ್ಲಿದ್ದಳು. ಆಪರೇಷನ್ ಆದ ಹೊಟ್ಟೆ, ಇಳಿಯದ ಬಿಪಿ. ಮೂರು ಗಂಟೆಗೊಮ್ಮೆ ಹಾಲು ಹಿಂಡಿ ಕೊಡಬೇಕು. ಮೊದಲ ದಿನ ಬಟ್ಟಲಿನ ತಳ ಒದ್ದೆಯಾಗುವಷ್ಟು ಮಾತ್ರ ಬಂತು. ಅದನ್ನು ನೋಡಿ ಅವಳು ಅತ್ತಳು.

"ಇದೂ ಕೈಲಾಗಲಿಲ್ಲ ನನಗೆ. ಬಟ್ಟೆ ಒಣಗಿಸೋಕೆ ಆ ಮೆಟ್ಟಿಲು ಹತ್ತಬಾರದಿತ್ತು ನಾನು."

"ಮೆಟ್ಟಿಲಿಗೂ ಇದಕ್ಕೂ ಸಂಬಂಧ ಇಲ್ಲಮ್ಮ" ಎಂದರು ಕೆಳಗಿಳಿದು ಬಂದಿದ್ದ ಸಿಸ್ಟರ್. "ಅವಳಿ ಮಕ್ಕಳು ಬೇಗ ಬರೋದು ಎಷ್ಟೋ ಸಲ ಆಗುತ್ತೆ. ನಿಮ್ಮ ತಪ್ಪಲ್ಲ. ಈ ನಾಲ್ಕು ಹನಿ ಇದೆಯಲ್ಲ, ಇವತ್ತು ಅವರ ಹೊಟ್ಟೆಗೆ ಇಷ್ಟೇ ಸಾಕು. ಮೂಗಿನ ನಳಿಕೆಯಲ್ಲಿ ನಾನೇ ಕೊಡ್ತೀನಿ. ಹಿಂಡ್ತಾ ಇದ್ರೆ ಹಾಲು ಹೆಚ್ಚುತ್ತೆ."

ಹಾಗೇ ಆಯಿತು. ಬಟ್ಟಲು ತುಂಬತೊಡಗಿತು. ಅದನ್ನು ಮುಚ್ಚಿಕೊಂಡು ಮೇಲಕ್ಕೆ ಒಯ್ಯುವುದು ಬೇಕರಿಯವನ ಕೆಲಸ. ಒಂದು ಹನಿ ಚೆಲ್ಲಿದವನಲ್ಲ.

ಎಂಟನೇ ದಿನ ಡಾಕ್ಟರು ಇಬ್ಬರನ್ನೂ ಪರೀಕ್ಷಿಸಿ, ಇನ್ನು ಕಾಂಗರೂ ಆರೈಕೆ ಶುರುಮಾಡಬಹುದು ಎಂದರು. ಅಂದರೆ ಮಗುವನ್ನು ಪೆಟ್ಟಿಗೆಯಿಂದ ತೆಗೆದು, ಮೈಗೆ ಮೈ ತಾಗುವಂತೆ ದೊಡ್ಡವರ ಬರಿ ಎದೆಯ ಮೇಲೆ ಗಂಟೆಗಟ್ಟಲೆ ಇಟ್ಟುಕೊಳ್ಳುವುದು. ಹೆಂಡತಿ ಗಾಲಿಕುರ್ಚಿಯಲ್ಲಿ ಮೇಲೆ ಬಂದು ಪುಟ್ಟನನ್ನು ತೆಗೆದುಕೊಂಡಳು. ಅವಳ ಸೋತ ಮೈಗೆ ಒಬ್ಬನೇ ಹೆಚ್ಚಾಗಿದ್ದ.

"ಗುಬ್ಬಿಗೆ ನೀವು ಕೂತ್ಕೊಳ್ಳಿ ಅಣ್ಣಾ" ಎಂದರು ಸಿಸ್ಟರ್.

ಬೇಕರಿಯವನು ಎರಡು ಹೆಜ್ಜೆ ಹಿಂದೆ ಸರಿದ. "ಬೇಡ ಸಿಸ್ಟರ್. ಭಟ್ಟಿ ಬಾಗಿಲು ಹೊತ್ತಿಗೆ ಮುಂಚೆ ತೆಗೆದ್ರೆ ಒಳಗಿರೋ ಬ್ರೆಡ್ಡು ಕುಸಿದು ಕೂತ್ಕೊಳ್ಳುತ್ತೆ. ಮತ್ತೆ ಎಷ್ಟು ಬಿಸಿ ಕೊಟ್ರೂ ಏಳಲ್ಲ. ನಾನು ಕಣ್ಣಾರೆ ಕಂಡಿದ್ದೀನಿ. ಅವಳು ಪೆಟ್ಟಿಗೆಯಲ್ಲೇ ಇರ್ಲಿ."

ಪಕ್ಕದ ಒರಗುಕುರ್ಚಿಯಲ್ಲಿ ಒಬ್ಬ ಬಸ್ ಡ್ರೈವರ್ ಕೂತಿದ್ದ. ಖಾಕಿ ಅಂಗಿಯ ಗುಂಡಿ ಬಿಚ್ಚಿತ್ತು. ಒಳಗಿನಿಂದ ಟೋಪಿ ಹಾಕಿದ ಪುಟಾಣಿ ತಲೆಯೊಂದು ಇಣುಕುತ್ತಿತ್ತು. "ನಾನೂ ಹೀಗೇ ಹಾರಾಡ್ದೆ" ಎಂದ ಅವನು. "ಕಾಂಗರೂಗೆ ಹೊಟ್ಟೆ ಮೇಲೆ ಚೀಲ ಇರುತ್ತೆ, ನನಗೆ ಬರೀ ಹೊಟ್ಟೆ ಇದೆ ಅಂದೆ. ಅಷ್ಟು ಸಾಕು ಅಂದ್ರು ಸಿಸ್ಟರು."

ಬೇಕರಿಯವನು ನಗಲಿಲ್ಲ. ಮನೆಗೆ ಬಂದು ಅಮ್ಮನಿಗೆ ಹೇಳಿದರೆ ಅವರೂ ಮೂಗು ಮುರಿದರು. "ಗಂಡಸು ಅಂಗಿ ಬಿಚ್ಚಿ ಮಗು ಹೊತ್ಕೊಂಡು ಕೂರೋದಾ? ಮತ್ತೆ ಆ ಮಿಷನ್ ಯಾಕಿಟ್ಟಿದ್ದಾರೆ?"

ಮೂರು ದಿನ ಕಳೆಯಿತು. ಬೆಳಿಗ್ಗೆ ತೂಗಿದಾಗ ಪುಟ್ಟ ದಿನಾ ಒಂದಿಷ್ಟು ಮೇಲೇರಿದ್ದ. ಹುಟ್ಟಿದ ಮೇಲೆ ನೂರು ಗ್ರಾಂ ಇಳಿದಿದ್ದ ಗುಬ್ಬಿ ಅಲ್ಲೇ ನಿಂತಿದ್ದಳು. ಹೆಂಡತಿ ಹಟ ಮಾಡಿ ಗುಬ್ಬಿಯನ್ನೂ ಎತ್ತಿಕೊಳ್ಳಲು ಹೋಗಿ, ಹೊಲಿಗೆ ಎಳೆದು, ಕಣ್ಣು ಕತ್ತಲೆ ಬಂದು ಕುರ್ಚಿಗೆ ಒರಗಿದಳು. ಸುಧಾರಿಸಿಕೊಂಡು ಗಂಡನ ಮುಖ ನೋಡಿದಳು.

"ಬಿಸಿ ಹೋಗುತ್ತೆ ಅಂತಲ್ಲ ರೀ. ನೀವು ಹೆದರ್ಕೊಂಡಿದ್ದೀರಿ."

ಅವನು ತಲೆ ತಗ್ಗಿಸಿದ. "ನನ್ನ ಕೈಯಲ್ಲೇ ಏನಾದ್ರೂ ಆಗ್ಬಿಟ್ರೆ?"

ಇದನ್ನು ಕೇಳಿಸಿಕೊಂಡ ಸಿಸ್ಟರ್ ಸ್ಟೂಲು ಎಳೆದು ಅವನ ಮುಂದೆ ಕೂತರು. ನಗಲೂ ಇಲ್ಲ, ಗದರಲೂ ಇಲ್ಲ. "ಅಣ್ಣಾ, ಒಂದು ಮಾತು ಹೇಳಿ. ಚಳಿ ದಿನ ಹಿಟ್ಟು ಉಬ್ಬೋಕೆ ಎಲ್ಲಿಡ್ತೀರಿ?"

"ಭಟ್ಟಿ ಪಕ್ಕ. ಬಟ್ಟೆ ಮುಚ್ಚಿ."

"ಭಟ್ಟಿ ಒಳಗೆ ಯಾಕಿಡಲ್ಲ?"

"ಒಳಗಿಟ್ರೆ ಬೆಂದೇ ಹೋಗುತ್ತೆ. ಉಬ್ಬೋಕೆ ಬೇಕಾಗಿರೋದು ಮೈ ಬಿಸಿಯಷ್ಟೇ…" ಅವನು ಗುಬ್ಬಿಯ ಕಡೆ ತಿರುಗಿದ.

"ನೀವೇ ಹೇಳಿದ್ರಿ" ಎಂದರು ಸಿಸ್ಟರ್. "ಪೆಟ್ಟಿಗೆ ಕೆಟ್ಟದ್ದಲ್ಲ. ಅದಿಲ್ಲದಿದ್ರೆ ಮೊದಲ ವಾರ ದಾಟೋದು ಕಷ್ಟ ಇತ್ತು. ಆದ್ರೆ ಅದು ಬಿಸಿ ಮಾತ್ರ ಕೊಡುತ್ತೆ. ಎದೆ ಮೇಲಿದ್ರೆ ಬಿಸಿ ಜೊತೆಗೆ ನಿಮ್ಮ ಉಸಿರು, ಎದೆಬಡಿತ ಎಲ್ಲ ತಾಗುತ್ತೆ. ಮಗು ನೆಮ್ಮದಿಯಾಗಿ ನಿದ್ದೆ ಮಾಡುತ್ತೆ, ಕುಡಿದ ಹಾಲು ಮೈಗೆ ಹತ್ತುತ್ತೆ. ಸೋಂಕಿನ ಭಯಾನೂ ಕಮ್ಮಿ. ನಾನು ಇಲ್ಲೇ ಇರ್ತೀನಿ, ಬಿಸಿ ಅಳೆಯೋ ವಯರನ್ನೂ ತೆಗೆಯಲ್ಲ. ಅಂಕಿ ನೀವೇ ನೋಡಿ."

ಬೇಕರಿಯವನು ಮತ್ತೆ ಹೋಗಿ ಕೈ ತೊಳೆದ. ಮನೆಯಲ್ಲಿ ಮಿಂದು ಬಂದಿದ್ದರೂ ಎದೆಯನ್ನು ಇನ್ನೊಮ್ಮೆ ಒರೆಸಿಕೊಂಡ. ಕುರ್ಚಿಗೆ ಒರಗಿ ಕೂತ. ಡಯಾಪರು, ಟೋಪಿ, ಕಾಲುಚೀಲ ಬಿಟ್ಟರೆ ಬರಿ ಮೈಯ ಗುಬ್ಬಿಯನ್ನು ಸಿಸ್ಟರ್ ಅವನ ಎದೆಯ ನಡುವೆ ನೆಟ್ಟಗೆ ಮಲಗಿಸಿದರು. ಮುಖ ಒಂದು ಪಕ್ಕಕ್ಕೆ, ಕತ್ತು ಬಾಗದಂತೆ, ಮೂಗು ಬಾಯಿ ಮುಚ್ಚದಂತೆ. ಮೇಲೊಂದು ಬಟ್ಟೆ ಸುತ್ತಿ ಕಟ್ಟಿದರು. ಅವನು ಉಸಿರು ಬಿಗಿಹಿಡಿದಿದ್ದ.

"ಉಸಿರಾಡಿ ಅಣ್ಣಾ. ನಿಮ್ಮನ್ನ ನೋಡಿ ಅವಳೂ ಕಲೀಬೇಕು."

ಹತ್ತು ನಿಮಿಷವಾಗಿತ್ತು. ಇದ್ದಕ್ಕಿದ್ದಂತೆ ಉಸಿರು, ಎದೆಬಡಿತ ಅಳೆಯುವ ಮಿಷನ್ ಕೂಗಿಕೊಂಡಿತು. ಗುಬ್ಬಿಯ ಬೆನ್ನು ಏಳುತ್ತಿಲ್ಲ, ಇಳಿಯುತ್ತಿಲ್ಲ. "ತಗೊಳ್ಳಿ ಸಿಸ್ಟರ್, ಪೆಟ್ಟಿಗೆಗೆ ಹಾಕಿ" ಎಂದ. ಸಿಸ್ಟರ್ ಬಂದು ಬೆನ್ನನ್ನು ಎರಡು ಬೆರಳಿನಿಂದ ಮೆಲ್ಲಗೆ ಉಜ್ಜಿದರು. ಒಂದು ಸಲ, ಎರಡು ಸಲ. ಗುಬ್ಬಿ ಮುಖ ಹಿಂಡಿ ಒಂದು ಉಸಿರೆಳೆದಳು. ಆಮೇಲೆ ಇನ್ನೊಂದು.

"ದಿನ ತುಂಬದ ಮಕ್ಕಳು ಒಮ್ಮೊಮ್ಮೆ ಉಸಿರಾಡೋದನ್ನ ಮರೀತಾರೆ. ಪೆಟ್ಟಿಗೆಯಲ್ಲಿದ್ದಾಗಲೂ ಎರಡು ಸಲ ಮರೆತಿದ್ಲು. ಅದಕ್ಕೇ ನಾವಿರೋದು. ಈಗ ಇಳಿಸ್ಲಾ, ಇಲ್ಲೇ ಇರ್ಲಿ ಅಂತೀರಾ?"

ಬೇಕರಿಯವನ ಕಣ್ಣು ತುಂಬಿತ್ತು. ಗುಬ್ಬಿಯ ಕೈ ಅವನ ಎದೆಕೂದಲನ್ನು ಹಿಡಿದುಕೊಂಡಿತ್ತು. ಹಿಡಿತದಲ್ಲಿ ಬಲವಿತ್ತು, ಸಣ್ಣಗೆ ನೋಯುತ್ತಿತ್ತು ಕೂಡ.

"ಇರ್ಲಿ" ಎಂದ.

ಒಂದು ಗಂಟೆಯಾದ ಮೇಲೆ ಅಂಕಿ ನೋಡಿದ. ಬಿಸಿ ಒಂದಿಷ್ಟೂ ಇಳಿದಿರಲಿಲ್ಲ. ಪೆಟ್ಟಿಗೆಯಲ್ಲಿ ಇದ್ದುದಕ್ಕಿಂತ ಕೂದಲೆಳೆಯಷ್ಟು ಮೇಲೇ ಇತ್ತು. ಅವನು ಹೆಂಡತಿಯ ಕಡೆ ನೋಡಿದ. ಅವಳು ಸಿಸ್ಟರ್ ಕಾವಲಿನಲ್ಲಿ ಪುಟ್ಟನನ್ನು ಅವುಚಿಕೊಂಡೇ ನಿದ್ದೆ ಹೋಗಿದ್ದಳು.

ಅಂದಿನಿಂದ ಬೆಳಗಿನ ಬ್ರೆಡ್ಡು ಮುಗಿಸಿ, ಸ್ನಾನ ಮಾಡಿ, ಹನ್ನೊಂದಕ್ಕೆ ಅವನು ಹಾಜರು. ಸಂಜೆಯವರೆಗೆ ಗುಬ್ಬಿ ಅವನ ಎದೆಯ ಮೇಲೆ. ಮೊದಲ ಎರಡು ದಿನ ತೂಕ ಹಾಗೇ ಇತ್ತು. ಮೂರನೇ ದಿನ ಹದಿನೈದು ಗ್ರಾಂ ಏರಿತು. ಹದಿನೈದು ಗ್ರಾಮನ್ನು ತಕ್ಕಡಿಯಲ್ಲಿ ಎಂದೂ ಲೆಕ್ಕಕ್ಕೆ ಹಿಡಿಯದವನು ಅಂದು ವಾರ್ಡಿನಲ್ಲಿದ್ದ ಎಲ್ಲರಿಗೂ ಹೇಳಿಕೊಂಡು ಬಂದ. ಅವನಿಗೆ ಜ್ವರ ಬಂದು ಮನೆಯಲ್ಲೇ ಉಳಿಯಬೇಕಾದ ನಾಲ್ಕು ದಿನ ಅವನ ಜಾಗದಲ್ಲಿ ಕೂತದ್ದು ಯಾರೆಂದುಕೊಂಡಿರಿ? ಮೂಗು ಮುರಿದಿದ್ದ ಅಜ್ಜಿಯೇ. ಐದನೇ ದಿನ ಕುರ್ಚಿ ಬಿಟ್ಟುಕೊಡಲು ಅವರಿಗೆ ಮನಸ್ಸಿರಲಿಲ್ಲ.

ಆರನೇ ವಾರ ಮಕ್ಕಳಿಬ್ಬರೂ ಮನೆಗೆ ಬಂದರು. ಸಿಸ್ಟರ್ ಒಂದೊಂದನ್ನೂ ಎರಡೆರಡು ಸಲ ಹೇಳಿ ಕಳಿಸಿದ್ದರು. ಎದೆಹಾಲು ಬಿಟ್ಟು ಜೇನು, ಸಕ್ಕರೆ ನೀರು, ಬೇರೆ ಹಾಲು ಏನೂ ಬೇಡ. ಮನೆಯಲ್ಲೂ ಎದೆಯ ಮೇಲೆ ಇಟ್ಟುಕೊಳ್ಳಿ, ನಿಮಗೆ ನಿದ್ದೆ ಬಂದರೆ ಎಚ್ಚರ ಇರುವವರ ಕೈಗೆ ಕೊಡಿ. ಕಣ್ಣು, ಕಿವಿಯ ಪರೀಕ್ಷೆಗೆ ಹೇಳಿದ ದಿನ ತಪ್ಪದೆ ಬನ್ನಿ. ಮಗು ಹಾಲು ಬಿಟ್ಟರೆ, ಅಂಗಾಲು ತಣ್ಣಗಾದರೆ, ಉಸಿರು ಏರುಪೇರಾದರೆ, ತುಟಿ ನೀಲಿಯಾದರೆ, ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಿಬನ್ನಿ.

ಮಕ್ಕಳನ್ನು ನೋಡಬೇಕೆಂದು ಬಂದ ಗಿರಾಕಿಗಳಿಗೆ ಬೇಕರಿಯವನು ಕೈಮುಗಿದ. "ಇನ್ನೂ ಸ್ವಲ್ಪ ದಿನ ಹೋಗ್ಲಿ. ಬಂದ್ರೂ ಕೈ ತೊಳೆದು ಬರ್ಬೇಕು, ನೆಗಡಿ ಇದ್ದವರಂತೂ ಬೇಡವೇ ಬೇಡ."

"ಅದಿರ್ಲಿ, ಸಣ್ಣವಳ ತೂಕ ಎಷ್ಟು ಈಗ?"

ಈ ಸಲ ಅವನು ಒಳಗೆ ಹೋಗಲಿಲ್ಲ. "ನಾಲ್ಕೂವರೆ ಬ್ರೆಡ್ಡು" ಎಂದ.

ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಅಜ್ಜಿಯರೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ದಿನ ತುಂಬದ ಮಗು ಹುಟ್ಟಿದ್ದರೆ ತಾಯಿಯನ್ನು ದೂರಬೇಡಿ. ಅವಳು ಹಿಂಡಿದ ಒಂದೊಂದು ಹನಿಯನ್ನೂ ಮಗುವಿಗೆ ಮುಟ್ಟಿಸಿ. ಡಾಕ್ಟರು ಸರಿ ಎಂದ ದಿನವೇ ಕೈ ತೊಳೆದು, ಗುಂಡಿ ಬಿಚ್ಚಿ, ಕುರ್ಚಿಗೆ ಒರಗಿ ಕೂತುಕೊಳ್ಳಿ. ಅಪ್ಪಂದಿರೇ, ಈ ಮಾತು ಮುಖ್ಯವಾಗಿ ನಿಮಗೆ. ಹೆದರಿಕೆಯಾಗುತ್ತದೆ, ಆಗಲಿ. ಬೇಕರಿಯವನಿಗೂ ಆಗಿತ್ತು. ಹೆದರಿಕೊಂಡೇ ಎತ್ತಿಕೊಳ್ಳಿ.