ಜಾರಿದ ಹೆಜ್ಜೆಯ ಸದ್ದು

೧೯೩೯ರ ಮಾರ್ಚ್ ೧೪. ಧ್ವನಿಕೋಣೆಯಲ್ಲಿ ನನ್ನ ಮುಂದಿದ್ದ ನೃತ್ಯದ ಫಿಲ್ಮ್ ಸುರುಳಿಯ ಉದ್ದ ಇನ್ನೂರ ಎಂಬತ್ತೈದು ಅಡಿ. ಅದರಲ್ಲಿ ಸದ್ದು ಕೂಡದೆ ಉಳಿದಿದ್ದುದು ಎರಡು ಅಡಿ ಮಾತ್ರ.

ಹಾಲಿವುಡ್ಡಿನಲ್ಲಿ ನರ್ತಕಿಯರು ಮೊದಲೇ ಮುದ್ರಿಸಿದ ಸಂಗೀತಕ್ಕೆ ಕುಣಿಯುತ್ತಿದ್ದರು. ಲಾಳ ಬಡಿದ ಪಾದರಕ್ಷೆಯ ಸದ್ದನ್ನು ಆಮೇಲೆ, ತೆರೆಯ ಮೇಲಿನ ಕಾಲುಗಳನ್ನು ನೋಡುತ್ತ, ಹಲಗೆಯ ಮೇಲೆ ಕುಣಿದು ಕೂಡಿಸಬೇಕು. ತಾರೆಯರು ಅದನ್ನು ಬೇರೆಯವರಿಗೆ ವಹಿಸುತ್ತಿದ್ದರು. ಈ ನೃತ್ಯದ ತಾರೆ ವರ್ನಾ ಕಿಟ್ರಿಜ್ ಎಂದೂ ವಹಿಸಿದವರಲ್ಲ. ಈ ಸಲ ತೊಡಕಿತ್ತು. ಚಿತ್ರೀಕರಣದಲ್ಲಿ ಮೇಣ ಹಚ್ಚಿದ ಕರಿನೆಲದ ಮೇಲೆ ಅವರ ಹಿಮ್ಮಡಿ ಜಾರಿತ್ತು. ಬೀಳದೆ, ಜಾರಿದ್ದನ್ನೇ ಹೆಜ್ಜೆಯಾಗಿಸಿ ಮುಂದುವರಿದಿದ್ದರು. ಹೇಗೆಂಬುದು ಅವರಿಗೇ ತಿಳಿಯದು. ಕಣಕಾಲು ಊದಿತ್ತು. ಬೆಳಗಿನಿಂದ ಎಷ್ಟು ಕುಣಿದರೂ ಜಾರಿದ ಆ ಎರಡು ಅಡಿಯಲ್ಲಿ ಸದ್ದು ಚಿತ್ರಕ್ಕೆ ಕೂಡಲಿಲ್ಲ.

ನಿರ್ಮಾಪಕ ಆರ್ಡ್ವೇ, ಗುಂಪಿನ ನರ್ತಕಿ ಮ್ಯಾಬೆಲ್‌ಳನ್ನು ಕರೆತಂದರು.

“ಸಾಕು ಬಿಡಮ್ಮ ವರ್ನಾ. ಮ್ಯಾಬೆಲ್ ಇಡೀ ಕುಣಿತಕ್ಕೆ ಅಭ್ಯಾಸ ಮಾಡಿದ್ದ ಹೆಜ್ಜೆ ಸದ್ದೇ ಹಾಕ್ತಾಳೆ. ಜನ ಏನು ಹೆಜ್ಜೆ ಎಣಿಸ್ತಾರಾ? ಒಪ್ಪಲ್ಲ ಅಂದ್ರೆ ಕುಣಿತಾನೇ ಕತ್ತರಿಸಿ ಬಿಸಾಕ್ತೀನಿ.”

“ಕಾಲು ನನ್ದು, ಸದ್ದು ಅವಳ್ದಾ? ನಾಳೆ ನಿಮ್ಮ ಬಾಯಿಗೆ ನಾನು ಮಾತಾಡ್ಲಾ ಸಾಹೇಬ್ರೇ?”

“ಮಾತಾಡಿಬಿಡಿ ಅಕ್ಕ, ಎಲ್ರಿಗೂ ಒಳ್ಳೇದಾಗತ್ತೆ,” ಎಂದಳು ಮ್ಯಾಬೆಲ್.

ವರ್ನಾ ನಗುತ್ತಲೇ, ಅಡಿ ಲೆಕ್ಕ ಹಾಕಿ ಸದ್ದು ಜೋಡಿಸುವ ನನ್ನತ್ತ ತಿರುಗಿದರು. “ಲೆಕ್ಕದ ಮೇಷ್ಟ್ರೇ, ಈ ಹಲಗೆಗೆ ಮೇಣ ಹಚ್ಚಿಸಿ.”

“ಜಾರ್ತೀರಿ,” ಎಂದೆ.

“ಜಾರ್ಲಿ ಅಂತಾನೇ. ಅವತ್ತು ನಾನು ನಿಜವಾಗ್ಲೂ ಜಾರಿದ್ದೆ. ಬೆಳಗ್ಗಿಂದ ಜಾರಿದ ಹಾಗೆ ನಟಿಸ್ತಿದೀನಿ. ಹೇಗೆ ಕೂಡತ್ತೆ?”

ಹಲಗೆಗೆ ಮೇಣ ಹಚ್ಚಿಸಿದೆ. ಸುರುಳಿ ಓಡಿತು. ಆ ಜಾಗ ಬಂದಾಗ ಅವರು ಊದಿದ ಕಾಲಿನ ಮೇಲೆಯೇ ಪೂರ್ತಿ ಭಾರ ಬಿಟ್ಟು ಜಾರಿದರು. ಉದ್ದನೆಯ ಒಂದು ಕೆರೆತ, ಅದರ ಬೆನ್ನಿಗೇ ಒತ್ತೊತ್ತಾಗಿ ಮೂರು ಬಡಿತ. ಮುಖ ಬಿಳಿಚಿಕೊಂಡಿತು, ಕುಣಿತ ನಿಲ್ಲಲಿಲ್ಲ.

ಮರುದಿನ, ಧ್ವನಿ ಮುದ್ರಿಸಿದ ಫಿಲ್ಮ್ ಪಟ್ಟಿ ರಸಾಯನದಲ್ಲಿ ತೊಳೆದು ಬಂದಾಗ ಚಿತ್ರದ ಜೊತೆಗಿಟ್ಟು ಅಳೆದೆ. ಫಿಲ್ಮಿನ ಒಂದು ಫ್ರೇಮಿನಷ್ಟೂ ಅಂತರವಿರಲಿಲ್ಲ. ಅಂಥ ಕೆಲಸವನ್ನು ನಾನು ಮತ್ತೆ ಕಾಣಲಿಲ್ಲ.

ಆರ್ಡ್ವೇ ಟೋಪಿ ತೆಗೆದರು. “ಸೋತೆ ಕಣಮ್ಮ. ಏನು ಬೇಕೋ ಕೇಳು.”

“ನನಗೇನೂ ಬೇಡ. ನನ್ನ ಹಟದಿಂದ ಮ್ಯಾಬೆಲ್‌ಗೆ ಸಿಗ್ಬೇಕಿದ್ದ ಈ ಕೆಲಸ ತಪ್ಪಿತು. ಮುಂದಿನ ಚಿತ್ರದಲ್ಲಿ ಅವಳಿಗೆ ಮುಖ ಕಾಣೋ ಹಾಗೆ ಒಂದು ಕುಣಿತ ಕೊಡಿ.”

ಕೊಟ್ಟರು. ಮ್ಯಾಬೆಲ್ ಒಬ್ಬಳೇ ಕುಣಿದಳು. ತನ್ನ ಸದ್ದನ್ನು ತಾನೇ ಹಾಕಿದಳು. ವರ್ನಾ ತಮ್ಮದೆಂದು ಎಣಿಸಿದ್ದ ಋಣ ತೀರಿತು.